ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಶಾಲೆಯ ಆಸರೆ: ಕರ್ನಾಟಕದಲ್ಲಿ ವ್ಯವಸ್ಥೆ ಹೇಗಿದೆ?

ಕಣ್ಣು ಕಾಣದ, ಕಿವಿ ಕೇಳದ, ನಡೆಯಲು ಕಷ್ಟಪಡುವ, ಅಕ್ಷರ ಎಷ್ಟು ತಿದ್ದಿದರೂ ಓದು ಕೈಗೆ ಹತ್ತದ ಮಗುವೂ ತನ್ನ ಊರಿನ ಶಾಲೆಯಲ್ಲೇ, ಅಕ್ಕಪಕ್ಕದ ಮನೆಯ ಮಕ್ಕಳ ಜೊತೆಯಲ್ಲೇ ಕಲಿಯಬೇಕು. ಶಿಕ್ಷಣ ಇಲಾಖೆಯ ಭಾಷೆಯಲ್ಲಿ ಇದಕ್ಕೆ ‘ಸಮನ್ವಯ ಶಿಕ್ಷಣ’ ಎಂದು ಹೆಸರು. ವಿದ್ಯಾರ್ಥಿಗಳ ವಿವರ ತುಂಬುವ ಎಸ್‌ಎಟಿಎಸ್ ತಂತ್ರಾಂಶದಲ್ಲಿ ಇಂಥ ಮಗುವಿನ ಹೆಸರಿನ ಜೊತೆ ‘ಸಿಡಬ್ಲ್ಯುಎಸ್‌ಎನ್’ ಎಂಬ ನಮೂದು ಇರುತ್ತದೆ. ಶಿಕ್ಷಕರು ಮಾತಿನಲ್ಲಿ ‘ವಿಶೇಷ ಅಗತ್ಯದ ಮಕ್ಕಳು’ ಎನ್ನುತ್ತಾರೆ.

ಆ ನಮೂದು ಬಿದ್ದ ಮೇಲೆ ಏನಾಗುತ್ತದೆ, ಏನಾಗಬೇಕು, ಯಾರು ಏನು ಮಾಡುತ್ತಾರೆ ಎಂಬುದನ್ನು ಈ ಲೇಖನ ವಿವರಿಸುತ್ತದೆ. ಮಕ್ಕಳನ್ನು ಶಾಲೆಗೆ ಸೇರಿಸಿಕೊಳ್ಳುವ ವಿಷಯದಲ್ಲಿ ಕರ್ನಾಟಕ ಕಳೆದ ಎರಡು ದಶಕಗಳಲ್ಲಿ ಬಹಳ ದೂರ ಬಂದಿದೆ. ಸೇರಿದ ಮಗುವಿಗೆ ಪಾಠ ತಲುಪುತ್ತಿದೆಯೇ ಎಂದು ಕೇಳಿದರೆ ಉತ್ತರ ಶಾಲೆಯಿಂದ ಶಾಲೆಗೆ, ಮೇಷ್ಟರಿಂದ ಮೇಷ್ಟರಿಗೆ ಬದಲಾಗುತ್ತದೆ. ಹಾಗಾಗಬಾರದು ಎಂಬುದು ನನ್ನ ನಿಲುವು. ಮಗುವಿನ ಕಲಿಕೆ ಒಬ್ಬ ಒಳ್ಳೆಯ ಶಿಕ್ಷಕ ಸಿಗುವ ಅದೃಷ್ಟದ ಮೇಲೆ ನಿಲ್ಲಬಾರದು.

ಯಾರು ಈ ಮಕ್ಕಳು?

1995ರ ಅಂಗವಿಕಲರ ಕಾಯ್ದೆ 7 ಬಗೆಯ ವಿಕಲತೆಗಳನ್ನು ಮಾತ್ರ ಹೆಸರಿಸಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅದನ್ನು 21ಕ್ಕೆ ಏರಿಸಿತು. ಕುರುಡು, ಮಂದದೃಷ್ಟಿ, ಕಿವುಡು, ದೈಹಿಕ ವಿಕಲತೆ, ಬೌದ್ಧಿಕ ವಿಕಲತೆ ಎಂದು ಮೊದಲಿನಿಂದ ಗೊತ್ತಿದ್ದವುಗಳ ಜೊತೆಗೆ ಆಟಿಸಂ, ಮಿದುಳಿನ ಪಾರ್ಶ್ವವಾಯು, ಸ್ನಾಯುಕ್ಷಯ, ಮಾತಿನ ತೊಡಕು, ನಿರ್ದಿಷ್ಟ ಕಲಿಕಾ ನ್ಯೂನತೆ, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡಗೋಲು ಕಣ ರಕ್ತಹೀನತೆ ಇವೆಲ್ಲ ಪಟ್ಟಿಗೆ ಬಂದವು. ಆ್ಯಸಿಡ್ ದಾಳಿಗೆ ತುತ್ತಾದವರೂ ಅದರಲ್ಲಿದ್ದಾರೆ.

ಶಾಲೆಯ ಮಟ್ಟಿಗೆ ಇದರಿಂದ ಆದ ದೊಡ್ಡ ಬದಲಾವಣೆಯೆಂದರೆ ಕಣ್ಣಿಗೆ ಕಾಣದ ತೊಡಕುಗಳಿಗೂ ಕಾನೂನಿನ ಮನ್ನಣೆ ಸಿಕ್ಕಿದ್ದು. ಊರುಗೋಲು ಹಿಡಿದ ಮಗು ಎಲ್ಲರ ಕಣ್ಣಿಗೆ ಬೀಳುತ್ತದೆ. ಲೆಕ್ಕ ಬಾಯಲ್ಲಿ ಹೇಳಿ, ಬರೆಯಲು ಕೂತರೆ ತಡವರಿಸುವ ಮಗುವನ್ನು ‘ಸೋಮಾರಿ’, ‘ಇವನ ತಲೆಗೆ ಹತ್ತಲ್ಲ’ ಎಂದು ಬದಿಗೆ ಸರಿಸಿದ್ದೇ ಹೆಚ್ಚು. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13.24 ಲಕ್ಷ ಎಂದು ದಾಖಲಾಯಿತು. ಆ ಎಣಿಕೆ ನಡೆದದ್ದು ಹೊಸ ಕಾಯ್ದೆಗಿಂತ ಮುಂಚೆ. ಕಲಿಕಾ ನ್ಯೂನತೆಯ ಮಕ್ಕಳಿಗೆ ಅದರಲ್ಲಿ ಪ್ರತ್ಯೇಕ ಕಲಮೇ ಇರಲಿಲ್ಲ.

ಕಾನೂನು ಕೊಟ್ಟ ಹಕ್ಕುಗಳು

ಭಾರತ ಸರ್ಕಾರ 1974ರಲ್ಲೇ ಸಾಮಾನ್ಯ ಶಾಲೆಗಳಲ್ಲಿ ವಿಕಲ ಮಕ್ಕಳನ್ನು ಓದಿಸುವ ಯೋಜನೆಯೊಂದನ್ನು ತಂದಿತ್ತು. ಆಗ ಅದು ನೆರವಾಗಿತ್ತು, ಹಕ್ಕಾಗಿರಲಿಲ್ಲ. ಸರ್ವ ಶಿಕ್ಷಾ ಅಭಿಯಾನ ಬಂದ ಮೇಲೆ ಕೆಲಸ ಹಳ್ಳಿಗಳಿಗೆ ತಲುಪಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ಕೊಟ್ಟಿತು. 2012ರ ತಿದ್ದುಪಡಿ ವಿಕಲತೆಯುಳ್ಳ ಮಗುವನ್ನು ‘ಅವಕಾಶವಂಚಿತ ಗುಂಪಿಗೆ’ ಸೇರಿಸಿ, ತೀವ್ರ ಮತ್ತು ಬಹುವಿಧ ವಿಕಲತೆಯ ಮಗುವಿಗೆ ಮನೆಯಲ್ಲೇ ಕಲಿಯುವ ಆಯ್ಕೆಯನ್ನೂ ನೀಡಿತು. ಸರ್ವ ಶಿಕ್ಷಾ ಅಭಿಯಾನವೂ ಮಾಧ್ಯಮಿಕ ಹಂತದ ಯೋಜನೆಗಳೂ 2018ರಲ್ಲಿ ಒಂದಾಗಿ ಈಗಿನ ಸಮಗ್ರ ಶಿಕ್ಷಣ ಯೋಜನೆಯಾದವು.

2017ರ ಏಪ್ರಿಲ್ 19ರಿಂದ ಜಾರಿಯಲ್ಲಿರುವ ವಿಕಲಚೇತನರ ಹಕ್ಕುಗಳ ಕಾಯ್ದೆ ಈ ಎಲ್ಲಕ್ಕಿಂತ ಗಟ್ಟಿಯಾದ ಆಧಾರ. ಅದರ 16ನೇ ಕಲಮನ್ನು ಪ್ರತಿ ಮುಖ್ಯ ಶಿಕ್ಷಕರೂ ಓದಿರಬೇಕು. ಸರ್ಕಾರದ ಅನುದಾನ ಪಡೆದ ಅಥವಾ ಮಾನ್ಯತೆ ಪಡೆದ ಶಾಲೆ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು. ಕಟ್ಟಡ, ಆವರಣ, ಶೌಚಾಲಯ ಮಗು ಬಳಸುವಂತಿರಬೇಕು. ಮಗುವಿನ ಅಗತ್ಯಕ್ಕೆ ತಕ್ಕ ಹೊಂದಾಣಿಕೆ ಮಾಡಬೇಕು. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸಬೇಕು. ಓಡಾಟಕ್ಕೆ ವ್ಯವಸ್ಥೆ ಮಾಡಬೇಕು. ‘ಮಾನ್ಯತೆ ಪಡೆದ’ ಎಂಬ ಮಾತಿನಿಂದಾಗಿ ಖಾಸಗಿ ಶಾಲೆಗಳೂ ಇದರೊಳಗೆ ಬರುತ್ತವೆ. ‘ನಮ್ಮಲ್ಲಿ ಅಂಥ ಸೌಲಭ್ಯವಿಲ್ಲ, ಬೇರೆ ಕಡೆ ನೋಡಿ’ ಎಂದು ಕಳಿಸಲು ಕಾನೂನು ಒಪ್ಪುವುದಿಲ್ಲ. 31ನೇ ಕಲಮಿನ ಪ್ರಕಾರ ಶೇ. 40 ಅಥವಾ ಅದಕ್ಕಿಂತ ಹೆಚ್ಚು ವಿಕಲತೆ ಇರುವ ಮಗುವಿಗೆ 6ರಿಂದ 18 ವರ್ಷದವರೆಗೆ, ಹತ್ತಿರದ ಶಾಲೆಯಲ್ಲೋ ತಾನು ಬಯಸಿದ ವಿಶೇಷ ಶಾಲೆಯಲ್ಲೋ, ಶಿಕ್ಷಣ ಉಚಿತ.

ಗುರುತಿಸುವುದು ಎಲ್ಲಿ, ಯಾರು?

ಮೊದಲ ಅವಕಾಶ ಅಂಗನವಾಡಿಯದು. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯಕೀಯ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಶಾಲೆಗಳಿಗೆ ಒಂದು ಸಲ ಹೋಗಿ ಮಕ್ಕಳನ್ನು ಪರೀಕ್ಷಿಸಬೇಕು. ಸಂಶಯವಿದ್ದ ಮಗುವನ್ನು ಜಿಲ್ಲಾ ಮಟ್ಟದ ಶೀಘ್ರ ಪತ್ತೆ ಕೇಂದ್ರಕ್ಕೆ ಕಳಿಸಬೇಕು. ಕಿವಿಯ ವಿಷಯದಲ್ಲಿ ಇದು ಬಹಳ ಮುಖ್ಯ. ಹುಟ್ಟಿದ ಮೊದಲ ಕೆಲವು ವರ್ಷಗಳಲ್ಲಿ ಶಬ್ದ ಕೇಳದ ಮಗುವಿಗೆ ಮಾತಿನ ಬುನಾದಿಯೇ ಬೀಳುವುದಿಲ್ಲ. ‘ನಮ್ಮ ಮನೆತನದಲ್ಲಿ ಮಾತು ತಡ, ಬರುತ್ತೆ ಬಿಡಿ’ ಎಂದು ಹಿರಿಯರು ಸಮಾಧಾನ ಹೇಳಿ ಕಳೆದ ಎರಡು ವರ್ಷ ಮುಂದೆ ಯಾವ ಯಂತ್ರ ಹಾಕಿಸಿದರೂ ಮರಳಿ ಬರುವುದಿಲ್ಲ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ವಿಷಯದಲ್ಲಿ ದೇಶಕ್ಕೇ ಹಿರಿಯ ಸಂಸ್ಥೆ. ಅಲ್ಲಿನ ಶಾಲಾಪೂರ್ವ ತರಗತಿಗಳಲ್ಲಿ ಮಗುವಿನ ಜೊತೆ ತಾಯಂದಿರೂ ಕೂತು, ಮನೆಯಲ್ಲಿ ಮಾತು ಕಲಿಸುವ ಬಗೆ ಕಲಿಯುತ್ತಾರೆ.

ಶಾಲೆಯಲ್ಲಿ ಗುರುತಿಸುವವರು ತರಗತಿ ಶಿಕ್ಷಕರು. ಎನ್‌ಸಿಇಆರ್‌ಟಿ 2022ರಲ್ಲಿ ಹೊರತಂದ ‘ಪ್ರಶಸ್ತ್’ ಆ್ಯಪ್‌ನಲ್ಲಿ 21 ಬಗೆಯ ವಿಕಲತೆಗಳ ಲಕ್ಷಣಗಳ ಪ್ರಶ್ನಾವಳಿ ಇದೆ. ಮೊದಲ ಭಾಗವನ್ನು ತರಗತಿ ಶಿಕ್ಷಕರು ತುಂಬುತ್ತಾರೆ, ಮುಂದಿನದನ್ನು ವಿಶೇಷ ಶಿಕ್ಷಕರು ನೋಡುತ್ತಾರೆ. ಇದು ರೋಗ ನಿರ್ಣಯವಲ್ಲ, ಮುಂದಿನ ಪರೀಕ್ಷೆ ಬೇಕೇ ಎಂದು ತಿಳಿಯುವ ಜರಡಿ ಮಾತ್ರ. ಆಮೇಲೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ವೈದ್ಯಕೀಯ ಮೌಲ್ಯಾಂಕನ ಶಿಬಿರ ನಡೆಯುತ್ತದೆ. ಕಣ್ಣು, ಕಿವಿ, ಮೂಳೆ, ಮನೋವೈದ್ಯ ವಿಭಾಗದ ತಜ್ಞರು ಮಕ್ಕಳನ್ನು ನೋಡಿ, ಯಾರಿಗೆ ಕನ್ನಡಕ, ಯಾರಿಗೆ ಶ್ರವಣ ಸಾಧನ, ಯಾರಿಗೆ ಗಾಲಿಕುರ್ಚಿ ಎಂದು ಬರೆದುಕೊಡುತ್ತಾರೆ. ಕಾನ್ಪುರದ ಅಲಿಮ್ಕೊ ಸಂಸ್ಥೆ ತಯಾರಿಸಿದ ಸಾಧನಗಳು ಹೆಚ್ಚಾಗಿ ಇಲ್ಲಿಂದಲೇ ಮಕ್ಕಳ ಕೈ ಸೇರುತ್ತವೆ.

ವಿಕಲಚೇತನರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಮೂರು ಬಣ್ಣಗಳಲ್ಲಿ ಬರುತ್ತದೆ. ಶೇ. 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದರ ಮೇಲೆ ನೀಲಿ. ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ಅರ್ಜಿ ಹಾಕಲು ನೆರವಾಗುತ್ತಾರೆ. ಪಂಚಾಯಿತಿಯಲ್ಲಿ ಇಂಥವರೊಬ್ಬರು ಇದ್ದಾರೆ ಎಂಬುದೇ ಎಷ್ಟೋ ಪೋಷಕರಿಗೆ ತಿಳಿದಿಲ್ಲ. ಒಂದು ವಿಷಯ ಸ್ಪಷ್ಟವಿರಲಿ: ಕಾರ್ಡು ಸವಲತ್ತಿಗೆ ಬೇಕು, ಪಾಠಕ್ಕಲ್ಲ. ಕಾರ್ಡು ಬರುವವರೆಗೆ ಮಗುವನ್ನು ಮುಂದಿನ ಬೆಂಚಿಗೆ ಕರೆಯದೆ ಕಾಯುವ ಅಗತ್ಯ ಯಾವ ಶಿಕ್ಷಕರಿಗೂ ಇಲ್ಲ.

ಕನ್ನಡ ಓದುವಾಗಿನ ತೊಡಕು

ಕಲಿಕಾ ನ್ಯೂನತೆ ಎಂದರೆ ಇಂಗ್ಲಿಷ್ ಮಾಧ್ಯಮದ ಮಕ್ಕಳ ಸಮಸ್ಯೆ ಎಂಬ ಕಲ್ಪನೆ ಇದೆ. ಅದು ತಪ್ಪು. ಕನ್ನಡದಲ್ಲಿ ಬರೆದಂತೆ ಓದು, ಓದಿದಂತೆ ಬರಹ ಎಂಬ ಅನುಕೂಲವಿದ್ದರೂ ಕಲಿಯಬೇಕಾದ ರೂಪಗಳ ರಾಶಿ ದೊಡ್ಡದು. 34 ವ್ಯಂಜನಗಳಿಗೆ ಕಾಗುಣಿತ ಹಚ್ಚಿದರೆ ನಾನ್ನೂರನ್ನು ದಾಟುತ್ತದೆ, ಅದರ ಮೇಲೆ ಒತ್ತಕ್ಷರಗಳು. ಬೆಂಗಳೂರಿನ ಕನ್ನಡ ಮಕ್ಕಳ ಓದನ್ನು ಅಧ್ಯಯನ ಮಾಡಿ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆ, ಎಲ್ಲ ಅಕ್ಷರರೂಪಗಳು ಕೈವಶವಾಗಲು ಪ್ರಾಥಮಿಕ ಶಾಲೆಯ ಮೊದಲ ವರ್ಷಗಳಷ್ಟೇ ಸಾಲವು ಎಂದು ತೋರಿಸಿತು. ಹಾಗಾಗಿ ಎರಡನೇ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ಐದರಲ್ಲೂ ಹಾಗೇ ಎಡವುತ್ತಿದ್ದರೆ ನೋಡಲೇಬೇಕು.

ಯಾವುದನ್ನು ನೋಡಬೇಕು? ‘ಅಮ್ಮ’ ಎಂದು ಬರೆದದ್ದನ್ನು ‘ಅಮ’ ಎಂದು ಓದುವುದು, ‘ಹಳ್ಳಿ’ಯ ಒತ್ತನ್ನು ಪ್ರತಿಸಲ ಬಿಟ್ಟು ಬರೆಯುವುದು, ದೀರ್ಘ ಹ್ರಸ್ವ ಹಿಂದುಮುಂದಾಗುವುದು, ವ ಮತ್ತು ಮ, ಪ ಮತ್ತು ಷ, ದ ಮತ್ತು ಧ ಇವು ಮತ್ತೆಮತ್ತೆ ಅದಲುಬದಲಾಗುವುದು. ಹಲಗೆಯ ಮೇಲಿನ ಒಂದು ಸಾಲನ್ನು ನಕಲು ಮಾಡಲು ಉಳಿದವರ ಎರಡು ಮೂರು ಪಟ್ಟು ಹೊತ್ತು ತೆಗೆದುಕೊಳ್ಳುವುದು. ಇದೇ ಮಗು ಕಥೆಯನ್ನು ಕಿವಿಯಿಂದ ಕೇಳಿ ಪೂರ್ತಿ ಹೇಳಬಲ್ಲದು, ಸಂತೆಯ ಲೆಕ್ಕ ಬಾಯಲ್ಲೇ ಮುಗಿಸಬಲ್ಲದು. ಬಾಯಿಗೂ ಬರಹಕ್ಕೂ ಇರುವ ಈ ಅಂತರವೇ ಶಿಕ್ಷಕರಿಗೆ ಸಿಗುವ ದೊಡ್ಡ ಸುಳಿವು.

ಇಲ್ಲೊಂದು ಎಚ್ಚರ ಬೇಕು. ಮನೆಯಲ್ಲಿ ತುಳು, ಕೊಂಕಣಿ, ಲಂಬಾಣಿ, ಉರ್ದು, ತೆಲುಗು ಆಡುವ ಮಗು ಕನ್ನಡದ ತರಗತಿಯಲ್ಲಿ ಹಿಂದೆ ಬಿದ್ದರೆ ಅದು ಭಾಷೆ ಹೊಸತಾದ್ದರಿಂದ ಇರಬಹುದು. ವಲಸೆ ಹೋದ ಕುಟುಂಬದ ಮಗು ವರ್ಷದಲ್ಲಿ ನಾಲ್ಕು ತಿಂಗಳು ಶಾಲೆಗೇ ಬಂದಿರುವುದಿಲ್ಲ. ಕಣ್ಣಿಗೆ ಕನ್ನಡಕ ಬೇಕಿದ್ದು ಹಲಗೆ ಮಸುಕಾಗಿ ಕಾಣುತ್ತಿರಬಹುದು. ಇವನ್ನೆಲ್ಲ ನೋಡದೆ ‘ಕಲಿಕಾ ನ್ಯೂನತೆ’ ಎಂದು ಹಣೆಪಟ್ಟಿ ಹಚ್ಚುವುದು ಅನ್ಯಾಯ. ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಕಲಿಕಾ ನ್ಯೂನತೆ ಗುರುತಿಸಲು ದೇಶದ ಹಲವೆಡೆ ಬಳಸುತ್ತಾರೆ. 2018ರ ಕೇಂದ್ರದ ಮಾರ್ಗಸೂಚಿ 8 ವರ್ಷ ತುಂಬುವ ಮೊದಲು ಕಲಿಕಾ ನ್ಯೂನತೆಯ ಪ್ರಮಾಣಪತ್ರ ಕೊಡಬಾರದೆಂದು ಹೇಳಿದ್ದೂ ಇದೇ ಎಚ್ಚರದಿಂದ.

ತಾಲ್ಲೂಕಿನ ಬಿಐಇಆರ್‌ಟಿ

ಕರ್ನಾಟಕದ ವ್ಯವಸ್ಥೆಯ ನಡುಗಂಬ ಬಿಐಇಆರ್‌ಟಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ (ಬಿಆರ್‌ಸಿ) ಕೂರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಇವರು. ಹಳ್ಳಿಯ ಜನ ‘ಬಿಆರ್‌ಸಿ ಮೇಷ್ಟ್ರು’ ಎಂದೇ ಕರೆಯುತ್ತಾರೆ. ಶಾಲೆಗಳಿಗೆ ಭೇಟಿ ಕೊಟ್ಟು ಮಕ್ಕಳನ್ನು ಗುರುತಿಸುವುದು, ಶಿಬಿರ ಏರ್ಪಡಿಸುವುದು, ಸಾಧನ ಹಂಚುವುದು, ಬ್ರೈಲ್ ಮತ್ತು ಸಂಜ್ಞೆ ಕಲಿಸುವುದು, ತರಗತಿ ಶಿಕ್ಷಕರಿಗೆ ದಾರಿ ತೋರುವುದು, ಪೋಷಕರ ಸಭೆ, ಮನೆಪಾಠದ ಮೇಲ್ವಿಚಾರಣೆ, ಭತ್ಯೆಗಳ ಕಡತ ಇವೆಲ್ಲ ಇವರ ತಲೆಯ ಮೇಲೆ. ಕೇಂದ್ರದಲ್ಲಿ ವಾರದ ಗೊತ್ತಾದ ದಿನಗಳಲ್ಲಿ ಫಿಸಿಯೋಥೆರಪಿಯೂ ನಡೆಯುತ್ತದೆ. ತೀವ್ರ ತೊಂದರೆಯ ಮಕ್ಕಳನ್ನು ಶಾಲೆಗೆ ಅಣಿಗೊಳಿಸುವ ಶಾಲಾ ಸಿದ್ಧತಾ ಕೇಂದ್ರಗಳೂ ಹಲವು ತಾಲ್ಲೂಕುಗಳಲ್ಲಿವೆ.

ಸಮಗ್ರ ಶಿಕ್ಷಣ ಯೋಜನೆಯಲ್ಲಿ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ಸಾಧನ, ಕಲಿಕಾ ಸಾಮಗ್ರಿ, ಭತ್ಯೆಗಳಿಗೆಂದು ಇಡಲಾಗಿದೆ. ವಿಶೇಷ ಅಗತ್ಯದ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳ ಪ್ರೋತ್ಸಾಹಧನ ಪ್ರತ್ಯೇಕ. ಮಗುವನ್ನು ದಿನವೂ ಕರೆತರುವವರಿಗೆ ಬೆಂಗಾವಲು ಭತ್ಯೆ, ಕಣ್ಣು ಕಾಣದ ಮಗುವಿಗೆ ಓದಿ ಹೇಳುವವರಿಗೆ ವಾಚಕ ಭತ್ಯೆ, ದೂರದಿಂದ ಬರುವವರಿಗೆ ಸಾರಿಗೆ ಭತ್ಯೆ ಉಂಟು. ಮೊತ್ತ ಸಣ್ಣದು. ಆದರೆ ಕೂಲಿ ಬಿಟ್ಟು ಮಗುವನ್ನು ಹೊತ್ತು ತರುವ ತಾಯಿಗೆ ಅದು ಸಮಯಕ್ಕೆ ಸರಿಯಾಗಿ ಬಂದರೆ ಮಗು ಶಾಲೆಯಲ್ಲಿ ಉಳಿಯುತ್ತದೆ, ತಡವಾದರೆ ಹಾಜರಿ ಕುಸಿಯುತ್ತದೆ.

ತರಗತಿಯೊಳಗೆ ಏನು ಮಾಡಬೇಕು

ಬಿಐಇಆರ್‌ಟಿ ತಿಂಗಳಿಗೊಮ್ಮೆ ಬಂದಾರು. ಮಗು ದಿನವೂ ಐದಾರು ಗಂಟೆ ಕಳೆಯುವುದು ತರಗತಿ ಶಿಕ್ಷಕರ ಮುಂದೆ. ಬೆಂಬಲದ ಬಹುಪಾಲು ಅಲ್ಲೇ ನಡೆಯಬೇಕು, ಮತ್ತು ಅದರ ಬಹುಪಾಲಿಗೆ ಹಣ ಬೇಕಿಲ್ಲ.

ಶ್ರವಣ ಸಾಧನ ಹಾಕಿಕೊಂಡ ಹುಡುಗಿಯನ್ನು ನೋಡಿ. ಶಿಕ್ಷಕರು ಹಲಗೆಯ ಕಡೆ ತಿರುಗಿ ಬರೆಯುತ್ತ ಪಾಠ ಹೇಳಿದರೆ ಅವಳಿಗೆ ತುಟಿ ಕಾಣದು, ಪಾಠ ಅರ್ಧಕ್ಕೆ ಕಡಿಯಿತು. ಬರೆದು ಮುಗಿಸಿ, ತಿರುಗಿ ನಿಂತು, ಮುಖಕ್ಕೆ ಬೆಳಕು ಬೀಳುವಂತೆ ಮಾತಾಡಿದರೆ ಅದೇ ಪಾಠ ಅವಳಿಗೂ ತಲುಪುತ್ತದೆ. ಇನ್ನು ಸಾಧನದ ಬ್ಯಾಟರಿ. ಕಿವಿಯ ಹಿಂದೆ ಕೂರುವ ಯಂತ್ರದ ಗುಂಡಿ ಬ್ಯಾಟರಿ ದಿನವೂ ಬಳಸಿದರೆ ಒಂದೆರಡು ವಾರ ಬಾಳುತ್ತದೆ. ಮುಗಿದ ಮೇಲೆ ಹೊಸತು ತರಲು ತಾಲ್ಲೂಕು ಕೇಂದ್ರಕ್ಕೆ ಹೋಗಬೇಕು. ಹಾಗಾಗಿ ಸಾವಿರಾರು ರೂಪಾಯಿಯ ಯಂತ್ರ ಡಬ್ಬಿಯಲ್ಲಿ ಮಲಗಿ, ಮಗು ಬರಿಗಿವಿಯಲ್ಲಿ ಕೂತಿರುವುದುಂಟು. ಕಿವಿಯ ಅಚ್ಚು ಮಗು ಬೆಳೆದಂತೆ ಸಡಿಲವಾಗಿ ಕೀಂ ಎಂದು ಕೂಗಿಕೊಳ್ಳಲು ಶುರುಮಾಡಿದರೂ ಮಗು ಅದನ್ನು ಕಿತ್ತಿಡುತ್ತದೆ. ಬೆಳಗಿನ ಪ್ರಾರ್ಥನೆ ಮುಗಿದೊಡನೆ ‘ಯಂತ್ರ ಕೆಲಸ ಮಾಡುತ್ತಿದೆಯೇ’ ಎಂದು ಶಿಕ್ಷಕರು ನೋಡುವ ರೂಢಿ ಇದ್ದರೆ ಸಾಕು, ವರ್ಷದ ಎಷ್ಟೋ ಪಾಠಗಳು ಉಳಿಯುತ್ತವೆ. ಸಂಜ್ಞಾ ಭಾಷೆಯನ್ನೇ ಆಧರಿಸಿದ ಮಕ್ಕಳಿಗಾಗಿ ಎನ್‌ಸಿಇಆರ್‌ಟಿ ಪಠ್ಯಗಳನ್ನು ಭಾರತೀಯ ಸಂಜ್ಞಾ ಭಾಷೆಯ ವಿಡಿಯೊಗಳಾಗಿ ಮಾಡುವ ಒಪ್ಪಂದ 2020ರಲ್ಲಿ ಆಗಿದೆ. ನಮ್ಮ ರಾಜ್ಯ ಪಠ್ಯಗಳೂ ಪೂರ್ತಿಯಾಗಿ ಆ ರೂಪದಲ್ಲಿ ಸಿಗಬೇಕು.

ಮಂದದೃಷ್ಟಿಯ ಮಗುವಿಗೆ ಬೇಕಾದದ್ದು ಕಿಟಕಿಯ ಹೊಳಪು ಬೀಳದ ಜಾಗ, ಕಪ್ಪು ದಪ್ಪ ಗೆರೆಯ ನೋಟು ಪುಸ್ತಕ, ದಪ್ಪ ನಿಬ್ಬಿನ ಪೆನ್ನು, ದೊಡ್ಡಕ್ಷರದ ಪಠ್ಯ. ಹಲಗೆಯ ಮೇಲೆ ಬರೆದದ್ದನ್ನು ಬರೆಯುತ್ತಲೇ ಬಾಯಲ್ಲೂ ಹೇಳುವ ಶಿಕ್ಷಕರಿಂದ ಅವನಿಗಷ್ಟೇ ಅಲ್ಲ, ಇಡೀ ತರಗತಿಗೂ ಲಾಭ.

ಮಿದುಳಿನ ಪಾರ್ಶ್ವವಾಯುವಿನ ಮಗುವಿನ ವಿಷಯದಲ್ಲಿ ಕೂರುವ ಬಗೆಯೇ ಮೊದಲ ಪಾಠ. ಬೆನ್ನು, ಪಾದಗಳಿಗೆ ಆನಿಕೆ ಸಿಕ್ಕದ ಮಗುವಿನ ಶಕ್ತಿಯೆಲ್ಲ ಬೀಳದಂತೆ ಕೂರುವುದಕ್ಕೇ ಖರ್ಚಾಗುತ್ತದೆ, ಬರವಣಿಗೆಗೆ ಏನೂ ಉಳಿಯುವುದಿಲ್ಲ. ಇಂಥ ಮಗುವಿಗೆ ವಿಶೇಷ ಕುರ್ಚಿ ಇದೆ. ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೂ ಹಿಡಿತ ಸುಲಭವಾಗುತ್ತದೆ. ರ‍್ಯಾಂಪಿನ ವಿಷಯದಲ್ಲಿ ಲೆಕ್ಕ ಗೊತ್ತಿರಲಿ: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಶಾಲೆಯ ಜಗುಲಿ ಒಂದೂವರೆ ಅಡಿ ಎತ್ತರವಿದ್ದರೆ ರ‍್ಯಾಂಪು ಹದಿನೆಂಟು ಅಡಿ ಚಾಚಿರಬೇಕು, ಪಕ್ಕಕ್ಕೆ ಕೈಹಿಡಿ ಇರಬೇಕು. ಐದಾರು ಅಡಿಯಲ್ಲಿ ಕಡಿದಾಗಿ ಸುರಿದ ಕಾಂಕ್ರೀಟು ವರದಿಯಲ್ಲಿ ರ‍್ಯಾಂಪು ಎನಿಸಿಕೊಂಡೀತು, ಗಾಲಿಕುರ್ಚಿ ಅದರ ಮೇಲೆ ಏರದು. ಶೌಚಾಲಯದ ಕೊರತೆ ಇದಕ್ಕಿಂತ ಕಠಿಣ. ಶಾಲೆಯಲ್ಲಿ ಬಳಸಲು ಆಗದೆಂದು ಬೆಳಗಿನಿಂದ ನೀರೇ ಕುಡಿಯದೆ ಕೂರುವ ಹೆಣ್ಣುಮಕ್ಕಳು ಹತ್ತು ಹನ್ನೆರಡರ ವಯಸ್ಸಿಗೆ ಶಾಲೆ ಬಿಡುತ್ತಾರೆ.

ಆಟಿಸಂ ಇರುವ ಮಗುವಿಗೆ ಮುಂದೇನು ಎಂದು ಮೊದಲೇ ಗೊತ್ತಿರಬೇಕು. ಪ್ರಾರ್ಥನೆ, ಕನ್ನಡ, ಊಟ, ಆಟ, ಮನೆ ಎಂದು ದಿನದ ಕ್ರಮವನ್ನು ಚಿತ್ರಗಳಲ್ಲಿ ಗೋಡೆಗೆ ಅಂಟಿಸಿದರೆ ಅರ್ಧ ಕಳವಳ ಇಳಿಯುತ್ತದೆ. ಗಂಟೆಯ ಸದ್ದಿಗೆ ಕಿವಿ ಮುಚ್ಚಿ ಕಿರುಚುವ ಮಗು ಹಟಮಾರಿಯಲ್ಲ, ಆ ಸದ್ದು ಅವನನ್ನು ನಿಜಕ್ಕೂ ನೋಯಿಸುತ್ತದೆ.

ಒಂದು ಮಗುವಿಗೆ ಒಂದು ಯೋಜನೆ

ವೈಯಕ್ತಿಕ ಶಿಕ್ಷಣ ಯೋಜನೆ ಎಂಬುದು ಪ್ರತಿ ಮಗುವಿಗೂ ಬರೆದಿಡಬೇಕಾದ ದಾಖಲೆ. ತರಗತಿ ಶಿಕ್ಷಕರು, ಬಿಐಇಆರ್‌ಟಿ, ಪೋಷಕರು ಕೂತು ಮಗು ಈಗ ಎಲ್ಲಿದೆ, ಮೂರು ತಿಂಗಳಲ್ಲಿ ಎಲ್ಲಿಗೆ ಬರಬೇಕು ಎಂದು ಒಪ್ಪಿಕೊಳ್ಳುತ್ತಾರೆ. ‘ಗಣಿತದಲ್ಲಿ ಸುಧಾರಣೆ’ ಎಂದು ಬರೆದರೆ ಅದು ಯೋಜನೆಯಲ್ಲ. ಬೌದ್ಧಿಕ ವಿಕಲತೆಯ ಮೂರನೇ ತರಗತಿಯ ಹುಡುಗನಿಗೆ ‘20ರವರೆಗೆ ಹುಣಸೆ ಬೀಜ ಎಣಿಸಿ, ಕೇಳಿದಷ್ಟನ್ನು ಎತ್ತಿ ಕೊಡುವುದು, ದಿನವೂ ಹತ್ತು ನಿಮಿಷ, ಶಾಲೆಯಲ್ಲಿ ಶಿಕ್ಷಕಿ, ಮನೆಯಲ್ಲಿ ಅಕ್ಕ, ದಸರಾ ರಜೆಯ ಮುಂಚೆ ಪರಿಶೀಲನೆ’ ಎಂದು ಬರೆದರೆ ಅದು ಯೋಜನೆ. ಇದನ್ನು ನೋಡಿದರೆ ಗುರಿ ಮುಟ್ಟಿತೋ ಇಲ್ಲವೋ ಯಾರಾದರೂ ಹೇಳಬಲ್ಲರು. ಪೋಷಕರು ಈ ಕಾಗದದ ಪ್ರತಿಯನ್ನು ಕೇಳಿ ಪಡೆಯಬೇಕು.

ಬ್ರೈಲ್ ಕನ್ನಡ

ಕನ್ನಡಕ್ಕೆ ಬಳಸುವುದು ಭಾರತಿ ಬ್ರೈಲ್. ಆರು ಚುಕ್ಕೆಗಳ ಮನೆಯಲ್ಲಿ ಎಡಗಡೆ ಮೇಲಿನಿಂದ ಕೆಳಕ್ಕೆ 1, 2, 3, ಬಲಗಡೆ 4, 5, 6. ಒಂದನೇ ಚುಕ್ಕೆ ಮಾತ್ರ ಉಬ್ಬಿದರೆ ಅ. 1 ಮತ್ತು 3 ಸೇರಿದರೆ ಕ. 1, 3, 4 ಸೇರಿದರೆ ಮ. 1, 2, 3 ಸೇರಿದರೆ ಲ. ‘ಕಮಲ’ ಎಂದು ಬರೆಯಲು ಮೂರು ಮನೆ ಸಾಕು. ಕಣ್ಣಿನ ಕನ್ನಡದಲ್ಲಿ ಕೆಳಗೆ ಇಳಿಯುವ ಒತ್ತು ಇಲ್ಲಿ ಸಾಲಿನಲ್ಲೇ ಬರುತ್ತದೆ. ‘ಅಕ್ಕ’ ಬರೆಯುವಾಗ ಅ ಆದಮೇಲೆ 4ನೇ ಚುಕ್ಕೆಯ ಒಂದು ಗುರುತು, ಆಮೇಲೆ ಎರಡು ಕ. ಕಾಗುಣಿತದ ಸ್ವರವೂ ವ್ಯಂಜನದ ಪಕ್ಕಕ್ಕೆ ಬಂದು ಕೂರುತ್ತದೆ.

ಮಗು ಸ್ಲೇಟು ಮತ್ತು ಮೊಳೆಯಿಂದ ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚುತ್ತದೆ, ಕಾಗದ ತಿರುಗಿಸಿ ಎಡದಿಂದ ಬಲಕ್ಕೆ ಬೆರಳಾಡಿಸಿ ಓದುತ್ತದೆ. ಗಣಿತಕ್ಕೆ ಟೇಲರ್ ಫ್ರೇಮ್ ಮತ್ತು ಅಬಾಕಸ್. ಫೋನು ಓದಿ ಹೇಳುವ ಕಾಲದಲ್ಲಿ ಬ್ರೈಲ್ ಏಕೆ ಎಂದು ಕೇಳುವವರಿದ್ದಾರೆ. ಕಿವಿಯಿಂದ ಕೇಳಿದ ಮಗುವಿಗೆ ‘ಅಕ್ಕ’ದಲ್ಲಿ ಎರಡು ಕ ಇವೆ ಎಂದು ಗೊತ್ತಾಗುವುದು ಬೆರಳ ತುದಿಯಿಂದಲೇ. ಕಾಗುಣಿತ, ವ್ಯಾಕರಣ, ಗಣಿತಕ್ಕೆ ಬ್ರೈಲ್ ಬಿಟ್ಟರೆ ದಾರಿಯಿಲ್ಲ. ಮೊದಲ ಎರಡು ಮೂರು ವರ್ಷಗಳಲ್ಲಿ ದಿನನಿತ್ಯ ಕಲಿಸುವವರು ಇಲ್ಲದಿದ್ದರೆ ಅದು ಗಟ್ಟಿಯಾಗದು. ತಿಂಗಳಿಗೊಂದು ಭೇಟಿಯಿಂದ ಆಗುವ ಕೆಲಸವಲ್ಲ ಇದು.

ವಿಶೇಷ ಶಾಲೆಗಳ ಪಾತ್ರ

ಇಲ್ಲೇ ವಿಶೇಷ ಶಾಲೆಗಳ ಮಹತ್ವ ತಿಳಿಯುತ್ತದೆ. ಮೈಸೂರಿನಲ್ಲಿ ಕುರುಡ ಮತ್ತು ಕಿವುಡ ಮಕ್ಕಳ ಶಾಲೆ 1901ರಷ್ಟು ಹಿಂದೆಯೇ ಆರಂಭವಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಪಂಚಾಕ್ಷರಿ ಗವಾಯಿಗಳಿಂದ ಮೊದಲ್ಗೊಂಡು ಪುಟ್ಟರಾಜ ಗವಾಯಿಗಳ ಕಾಲದುದ್ದಕ್ಕೂ ಕಣ್ಣಿಲ್ಲದ ನೂರಾರು ಮಕ್ಕಳಿಗೆ ಅನ್ನ, ಅಕ್ಷರ, ಸಂಗೀತ ಕೊಟ್ಟಿತು. ಬೆಂಗಳೂರಿನ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ 1959ರಿಂದ, ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಿಂದ ಕೆಲಸ ಮಾಡುತ್ತಿವೆ. ಮಗು ಎಂಟು ಹತ್ತನೇ ವಯಸ್ಸಿನವರೆಗೆ ವಿಶೇಷ ಶಾಲೆಯಲ್ಲಿ ಬ್ರೈಲ್ ಅಥವಾ ಸಂಜ್ಞೆ ಗಟ್ಟಿಮಾಡಿಕೊಂಡು, ಆಮೇಲೆ ಊರಿನ ಶಾಲೆಗೆ ಬರುವುದು ಹಲವರಿಗೆ ಒಗ್ಗಿದೆ. ಎರಡು ಬಗೆಯ ಶಾಲೆಗಳೂ ಬೇಕು. ಒಂದನ್ನು ಇನ್ನೊಂದರ ಎದುರಾಳಿಯಾಗಿ ನೋಡುವ ವಾದದಿಂದ ಮಕ್ಕಳಿಗೆ ಪ್ರಯೋಜನವಿಲ್ಲ.

ಮನೆಗೇ ಬರುವ ಪಾಠ

ಹಾಸಿಗೆ ಬಿಟ್ಟು ಏಳಲಾಗದ, ಬಹುವಿಧ ವಿಕಲತೆಯ ಮಕ್ಕಳಿಗೆ ಗೃಹಾಧಾರಿತ ಶಿಕ್ಷಣ. ಹೆಸರು ಹತ್ತಿರದ ಶಾಲೆಯಲ್ಲಿ ದಾಖಲಾಗಿರುತ್ತದೆ, ಪಾಠ ಮನೆಯಲ್ಲಿ. ಊಟ ತಾನೇ ಮಾಡುವುದು, ಬೇಕು ಬೇಡ ತಿಳಿಸುವುದು, ಬಣ್ಣ ಆಕಾರ ಗುರುತಿಸುವುದು ಇಲ್ಲಿನ ಪಠ್ಯ. ಶಾಲೆಗೆ ತರಬಹುದಾದ ಮಗುವನ್ನೂ ಈ ಪಟ್ಟಿಗೆ ಸೇರಿಸಿಬಿಡುವ ಪ್ರವೃತ್ತಿ ಮಾತ್ರ ಅಪಾಯಕಾರಿ. ಗಾಲಿಕುರ್ಚಿಯೂ ರ‍್ಯಾಂಪೂ ಇದ್ದರೆ ಬರಬಲ್ಲ ಮಗುವಿಗೆ ಮನೆ ಶಾಲೆಯಾಗಬಾರದು. ಹಬ್ಬ, ರಾಷ್ಟ್ರೀಯ ದಿನಾಚರಣೆ, ಶಾಲಾ ವಾರ್ಷಿಕೋತ್ಸವಕ್ಕೆ ಈ ಮಕ್ಕಳನ್ನು ಶಾಲೆಗೆ ಕರೆತರುವ, ಓರಗೆಯ ಮಕ್ಕಳನ್ನು ಅವರ ಮನೆಗೆ ಕಳಿಸುವ ಮುಖ್ಯ ಶಿಕ್ಷಕರಿದ್ದಾರೆ. ಅವರ ಕೆಲಸ ಎಲ್ಲ ಶಾಲೆಗಳ ರೂಢಿಯಾಗಬೇಕು.

ಪರೀಕ್ಷೆಯಲ್ಲಿ ರಿಯಾಯಿತಿ

ಹೆಚ್ಚುವರಿ ಸಮಯ, ಬರೆಯುವ ಸಹಾಯಕ, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು 2016ರ ಕಾಯ್ದೆಯೇ ಹೆಸರಿಸಿದೆ. ಪರೀಕ್ಷೆಗಳ ಬಗ್ಗೆ ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ, ಅಂದರೆ ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಹೆಚ್ಚು. ಎಸ್ಸೆಸ್ಸೆಲ್ಸಿಯಲ್ಲಿ ಪರ್ಯಾಯ ವಿಷಯಗಳೂ ಇವೆ. ವೇಳಾಪಟ್ಟಿಯನ್ನು ಗಮನಿಸಿದವರಿಗೆ ಗೊತ್ತು, ಗಣಿತದ ದಿನವೇ ಸಮಾಜಶಾಸ್ತ್ರದ ಪತ್ರಿಕೆ. ವಿಜ್ಞಾನದ ದಿನ ರಾಜ್ಯಶಾಸ್ತ್ರ, ಹಿಂದೂಸ್ತಾನಿ ಸಂಗೀತ, ಕರ್ನಾಟಕ ಸಂಗೀತ. 2021ರ ಫೆಬ್ರುವರಿಯಲ್ಲಿ ವಿಕಾಸ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬರೆಯುವ ಸಹಾಯಕರ ಸೌಲಭ್ಯವನ್ನು ಶೇ. 40ರ ಗೆರೆ ಹಾಕಿ ನಿರಾಕರಿಸಬಾರದು, ಬರೆಯಲು ನಿಜವಾದ ಕಷ್ಟವಿದ್ದವರಿಗೆ ಕೊಡಬೇಕು ಎಂದು ತೀರ್ಪಿತ್ತಿತು.

ನನ್ನ ಆತಂಕ ಇರುವುದು ಸಮಯದ ಬಗ್ಗೆ. ಹತ್ತನೇ ತರಗತಿಯ ದೀಪಾವಳಿ ಕಳೆದ ಮೇಲೆ ಪ್ರಮಾಣಪತ್ರಕ್ಕೆ ಓಡಾಡುವ ಪೋಷಕರೇ ಹೆಚ್ಚು. ಆ ಹೊತ್ತಿಗೆ ಆಸ್ಪತ್ರೆಗಳಲ್ಲಿ ಸಾಲು ಉದ್ದವಾಗಿರುತ್ತದೆ, ಪರೀಕ್ಷಾ ಮಂಡಳಿಗೆ ಅರ್ಜಿ ಕಳಿಸುವ ದಿನ ಮುಗಿಯುತ್ತ ಬಂದಿರುತ್ತದೆ. ಸಹಾಯಕನ ಜೊತೆ ಪರೀಕ್ಷೆ ಬರೆಯುವುದಕ್ಕೂ ಅಭ್ಯಾಸ ಬೇಕು. ಉತ್ತರವನ್ನು ವಾಕ್ಯವಾಗಿ ಹೇಳುವುದು, ಚಿತ್ರವನ್ನು ಮಾತಿನಲ್ಲಿ ವಿವರಿಸುವುದು, ಬರೆದದ್ದನ್ನು ಓದಿಸಿ ತಿದ್ದಿಸುವುದು ಇವನ್ನು ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಮಾಡಿಸಬೇಕು.

ಕೊರತೆ ಎಲ್ಲಿದೆ

ವಿಶೇಷ ಶಿಕ್ಷಕರ ಸಂಖ್ಯೆಯಲ್ಲಿ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್‌ನಲ್ಲಿ ಈ ಕೊರತೆಯನ್ನು ಗಂಭೀರವಾಗಿ ಪರಿಗಣಿಸಿ, ಶಿಕ್ಷಕರ ಅನುಪಾತ ನಿಗದಿಪಡಿಸಲು ಹೇಳಿತು. 2022ರಲ್ಲಿ ಕೇಂದ್ರ ಸರ್ಕಾರ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೆ ಒಬ್ಬರು, ಹಿರಿಯ ಪ್ರಾಥಮಿಕದಲ್ಲಿ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರು ಎಂದು ಅಧಿಸೂಚಿಸಿತು. 2025ರ ಮಾರ್ಚ್‌ನಲ್ಲಿ ಅದೇ ನ್ಯಾಯಾಲಯ, ರಾಜ್ಯಗಳು ಹುದ್ದೆಗಳನ್ನು ಮಂಜೂರು ಮಾಡಿ ಅರ್ಹರನ್ನು ನೇಮಿಸಬೇಕೆಂದು ಮತ್ತೆ ಸೂಚಿಸಬೇಕಾಯಿತು. ಅರ್ಹರೆಂದರೆ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರು. ತಾಲ್ಲೂಕಿಗೆ ಬೆರಳೆಣಿಕೆಯ ಬಿಐಇಆರ್‌ಟಿಗಳು ನೂರಾರು ಶಾಲೆ ಸುತ್ತುವ ಈಗಿನ ಏರ್ಪಾಡು ಈ ಅನುಪಾತದ ಹತ್ತಿರಕ್ಕೂ ಬರುವುದಿಲ್ಲ. ಅವರ ಶ್ರಮದ ಬಗ್ಗೆ ಎರಡು ಮಾತಿಲ್ಲ. ಒಬ್ಬ ವ್ಯಕ್ತಿಯಿಂದ ಆಗುವುದಕ್ಕೆ ಮಿತಿ ಇದೆ ಎಂಬುದನ್ನು ಸರ್ಕಾರ ಒಪ್ಪಿಕೊಳ್ಳಬೇಕು. ಕನಿಷ್ಠ ಪ್ರತಿ ಕ್ಲಸ್ಟರ್‌ಗೆ ಒಬ್ಬ ವಿಶೇಷ ಶಿಕ್ಷಕರು ಬರಬೇಕು. ಡಿ.ಎಡ್., ಬಿ.ಎಡ್. ಓದುವ ಪ್ರತಿಯೊಬ್ಬರೂ ಇಂಥ ಮಕ್ಕಳಿರುವ ತರಗತಿಯಲ್ಲಿ ಪಾಠ ಮಾಡಿಯೇ ಹೊರಬರಬೇಕು.

ಪೋಷಕರಿಗೆ

ಶಾಲೆ ಆರಂಭವಾಗುವ ಜೂನ್‌ನಲ್ಲೇ ಮುಖ್ಯ ಶಿಕ್ಷಕರನ್ನು ಕಂಡು ಮಗುವಿನ ವಿವರ ಎಸ್‌ಎಟಿಎಸ್‌ನಲ್ಲಿ ಸರಿಯಾಗಿ ನಮೂದಾಗಿದೆಯೇ ಎಂದು ನೋಡಿ, ಬಿಐಇಆರ್‌ಟಿಯವರ ಹೆಸರು ಮತ್ತು ಫೋನ್ ಸಂಖ್ಯೆ ಬರೆದುಕೊಳ್ಳಿ. ಮೌಲ್ಯಾಂಕನ ಶಿಬಿರದ ದಿನ ಕೇಳಿ, ತಪ್ಪದೆ ಹೋಗಿ. ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಿಂದ ಅರ್ಜಿ ಹಾಕಿಸಿ. ಓದಿನಲ್ಲಿ ತೊಡಕಿದ್ದರೆ ಎಂಟನೇ ತರಗತಿ ಮುಗಿಯುವುದರೊಳಗೆ ಪರೀಕ್ಷೆ ಮಾಡಿಸಿ ಕಾಗದ ಕೈಯಲ್ಲಿಟ್ಟುಕೊಳ್ಳಿ. ಯಾವುದೇ ಶಾಲೆ ಸೇರಿಸಿಕೊಳ್ಳುವುದಿಲ್ಲ ಎಂದರೆ ಬಾಯಿಮಾತಿಗೆ ಹಿಂದಿರುಗಬೇಡಿ, ಕಾರಣವನ್ನು ಬರೆದುಕೊಡಿ ಎಂದು ಕೇಳಿ. ದಾಖಲಾತಿಯ ದೂರು ಕೇಳಲು ಪ್ರತಿ ಜಿಲ್ಲೆಯ ಶಿಕ್ಷಣ ಕಚೇರಿಯಲ್ಲಿ ನೋಡಲ್ ಅಧಿಕಾರಿ ಇರಬೇಕೆಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 2017ರ ನಿಯಮಗಳು ಹೇಳುತ್ತವೆ. ಅಲ್ಲಿ ಪರಿಹಾರ ಸಿಗದಿದ್ದರೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ನೇರವಾಗಿ ದೂರು ಬರೆಯಬಹುದು.